ಮಸ್ಕತ್ತಿಗೆ ಮೊದಲ ಸಲ ಹೊರಡುವವರಿಗೆ

ಓಮಾನ್ ಪ್ರವಾಸದ ದಿನಗಳನ್ನು ಗೊತ್ತುಮಾಡುವ ಮೊದಲು ಆ ವರ್ಷ ರಂಜಾನ್ ಯಾವಾಗ ಬರುತ್ತದೆಂದು ನೋಡಿಕೊಳ್ಳಬೇಕು. ಚಾಂದ್ರಮಾನದ ಲೆಕ್ಕದಿಂದಾಗಿ ಅದು ವರ್ಷಕ್ಕೆ ಸುಮಾರು 11 ದಿನ ಮುಂಚಿತವಾಗಿ ಬರುತ್ತಾ ಹೋಗುತ್ತದೆ, ಮತ್ತು ಆ ತಿಂಗಳ ಹಗಲಿನಲ್ಲಿ ಸಾರ್ವಜನಿಕ ಸ್ಥಳದಲ್ಲಿ ತಿನ್ನುವುದಿರಲಿ, ನೀರು ಕುಡಿಯುವುದಕ್ಕೂ ಅವಕಾಶವಿಲ್ಲ. ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ.

2001ರಲ್ಲಿ ಉದ್ಘಾಟನೆಯಾದ ಸುಲ್ತಾನ್ ಕಾಬೂಸ್ ಮಹಾ ಮಸೀದಿಯನ್ನು ಮುಸ್ಲಿಮೇತರರು ಬೆಳಗಿನ ಹೊತ್ತಿನಲ್ಲಿ ಮಾತ್ರ ನೋಡಬಹುದು, ಶುಕ್ರವಾರ ಪ್ರವೇಶವಿಲ್ಲ. ಮಹಿಳೆಯರು ತಲೆಗೂದಲು, ಮಣಿಕಟ್ಟಿನವರೆಗೆ ತೋಳು ಮತ್ತು ಕಣಕಾಲಿನವರೆಗೆ ಕಾಲು ಮುಚ್ಚಿಕೊಳ್ಳಬೇಕು. ಸೊಂಟ ಕಾಣುವ ಸೀರೆಗಿಂತ ಉದ್ದ ತೋಳಿನ ಚೂಡಿದಾರವೇ ಇದಕ್ಕೆ ಅನುಕೂಲ ಎಂಬುದು ನನ್ನ ಅಭಿಪ್ರಾಯ. ದುಪಟ್ಟಾ ನುಣುಪಾಗಿದ್ದರೆ ತಲೆಯ ಮೇಲೆ ನಿಲ್ಲದು, ಎರಡು ಪಿನ್ನು ಜೊತೆಗಿರಲಿ. ಪುರುಷರು ಪೂರ್ಣ ಪ್ಯಾಂಟ್ ಧರಿಸಬೇಕು.

ಯಾರಾದರೂ ಖರ್ಜೂರದೊಂದಿಗೆ ಏಲಕ್ಕಿ ಹಾಕಿದ ಕಹ್ವಾ, ಅಂದರೆ ಅಲ್ಲಿನ ಕಾಫಿ, ಕೊಟ್ಟರೆ ಬಲಗೈಯಿಂದಲೇ ತೆಗೆದುಕೊಳ್ಳಬೇಕು. ಹಿಡಿಯಿಲ್ಲದ ಆ ಪುಟ್ಟ ಬಟ್ಟಲನ್ನು ಸುಮ್ಮನೆ ಮುಂದೆ ಚಾಚಿದರೆ ಮತ್ತೆ ತುಂಬುತ್ತಾರೆ. ಸಾಕೆನಿಸಿದಾಗ ಅದನ್ನು ಎಡಬಲಕ್ಕೆ ಮೆಲ್ಲಗೆ ಅಲ್ಲಾಡಿಸಿ ಹಿಂದಿರುಗಿಸುವುದು ಅಲ್ಲಿನ ರೂಢಿ.

ಮುತ್ರಾ ಪೇಟೆಯ ಅಂಗಡಿಗಳು ಮಧ್ಯಾಹ್ನ ಮುಚ್ಚುವುದರಿಂದ ಸಂಜೆ ಹೋಗುವುದು ಲೇಸು. ಒಂದು ರಿಯಾಲ್ ಎಂದರೆ 1,000 ಬೈಸಾ ಆದ್ದರಿಂದ ಚೀಟಿಯಲ್ಲಿರುವ 1.500 ಎಂಬುದು ಒಂದೂವರೆ ರಿಯಾಲೇ ಹೊರತು ಸಾವಿರದ ಐನೂರಲ್ಲ. ಜನರ, ವಿಶೇಷವಾಗಿ ಮಹಿಳೆಯರ, ಚಿತ್ರ ತೆಗೆಯುವ ಮುನ್ನ ಅನುಮತಿ ಕೇಳಬೇಕು. ದಿನನಿತ್ಯದ ಔಷಧಿಗಳಿದ್ದರೆ ವೈದ್ಯರ ಚೀಟಿಯನ್ನು ಅವುಗಳ ಜೊತೆಯಲ್ಲೇ ಕೈಚೀಲದಲ್ಲಿ ಇಟ್ಟುಕೊಳ್ಳಿ.