ನರ್ಸಿಂಗ್ ಟೀಚರ್ ಆಗಬೇಕೆನ್ನುವ ಕೊಡಗಿನ ಸಿಸ್ಟರ್‌ಗಳಿಗೆ

ಕಾಫಿ ಕೊಯ್ಲು ಮುಗಿಯುತ್ತಾ ಬಂತೆಂದರೆ ನನಗೆ ಫೋನ್ ಬರಲು ಶುರು. ವಿರಾಜಪೇಟೆಯಿಂದಲೋ ಸೋಮವಾರಪೇಟೆಯಿಂದಲೋ ಯಾರಾದರೂ ಒಬ್ಬ ಸಿಸ್ಟರ್. “ಅಕ್ಕಾ, ಎಂ.ಎಸ್ಸಿ. ಮಾಡಿ ಟೀಚಿಂಗ್‌ಗೆ ಬರ್ಬೇಕು ಅಂತಿದ್ದೀನಿ, ಎಲ್ಲಿಂದ ಶುರು ಮಾಡ್ಲಿ?” ನಾನು ತಿರುಗಿ ಒಂದು ಪ್ರಶ್ನೆ ಕೇಳುತ್ತೇನೆ: ವಾರ್ಡಿಗೆ ಹೊಸ ಹುಡುಗಿ ಬಂದು ಡ್ರಿಪ್ ಹಾಕುವ ಕ್ಯಾನುಲಾ ಹಿಡಿದು ತಡವರಿಸುತ್ತಾ ನಿಂತರೆ, ಪಕ್ಕದಲ್ಲಿ ನಿಂತು ಹೇಳಿಕೊಡುತ್ತೀಯಾ, ಇಲ್ಲ “ಬಿಡು, ನಾನೇ ಹಾಕ್ತೀನಿ” ಅಂತ ತಗೊಂಡುಬಿಡ್ತೀಯಾ? ಹೇಳಿಕೊಡುವವಳಾದರೆ ಅರ್ಧ ದಾರಿ ಬಂದಾಯಿತು. ತಗೊಳ್ಳುವವಳಾದರೆ ನಾಳೆಯ ಡ್ಯೂಟಿಯಿಂದಲೇ ಅದನ್ನು ಬಿಡಬೇಕು. ಎಂ.ಎಸ್ಸಿ. ಪದವಿ ಕೊಡುತ್ತದೆ. ತಾಳ್ಮೆಯನ್ನು ವಾರ್ಡಿನಿಂದಲೇ ಹೊತ್ತುಕೊಂಡು ಹೋಗಬೇಕು.

ನಾನು ಸುಂಟಿಕೊಪ್ಪದ ಕಡೆಯವಳು. ಅಪ್ಪ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಮೂರು ವರ್ಷ ಜಿ.ಎನ್.ಎಂ. ಎಂಬ ನರ್ಸಿಂಗ್ ಡಿಪ್ಲೊಮಾ ಓದಿ, ಆರು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು, ಆಮೇಲೆ ಎರಡು ವರ್ಷ ಪೋಸ್ಟ್ ಬೇಸಿಕ್ ಬಿ.ಎಸ್ಸಿ. (ಡಿಪ್ಲೊಮಾ ಮುಗಿಸಿದವರ ಪದವಿ), ಮತ್ತೆರಡು ವರ್ಷ ಎಂ.ಎಸ್ಸಿ. ಮಾಡಿದೆ. ಪಾಠ ಮಾಡಲು ಶುರು ಮಾಡಿ ಹನ್ನೊಂದು ವರ್ಷವಾಯಿತು.

ಮೊದಲು ಕಾಗದಪತ್ರ. ಭಾರತೀಯ ನರ್ಸಿಂಗ್ ಕೌನ್ಸಿಲ್ ನಿಯಮದಂತೆ ಎಂ.ಎಸ್ಸಿ. ನರ್ಸಿಂಗ್‌ಗೆ ಸೇರಲು ಬಿ.ಎಸ್ಸಿ. ಅಥವಾ ಪೋಸ್ಟ್ ಬೇಸಿಕ್‌ನಲ್ಲಿ ಒಟ್ಟು ಶೇ. 55 ಅಂಕ ಬೇಕು, ನರ್ಸ್ ಮತ್ತು ಮಿಡ್‌ವೈಫ್ ಎರಡೂ ನೋಂದಣಿ ಇರಬೇಕು, ಒಂದು ವರ್ಷದ ಕೆಲಸದ ಅನುಭವ ಇರಬೇಕು. ನೇರ ಬಿ.ಎಸ್ಸಿ. ಮಾಡಿದವರಿಗೆ ಆ ಒಂದು ವರ್ಷ ಪದವಿಯ ನಂತರದ್ದೇ ಆಗಬೇಕು. ಪೋಸ್ಟ್ ಬೇಸಿಕ್‌ನವರಿಗೆ ಕೋರ್ಸಿನ ಮುಂಚಿನ ಅನುಭವವೂ ನಡೆಯುತ್ತದೆ. ಕಣ್ಣೂರು, ವಯನಾಡು ಕಡೆ ಓದಿ ಬಂದ ಹುಡುಗಿಯರು ನಮ್ಮ ಜಿಲ್ಲೆಯಲ್ಲಿ ಬಹಳ ಇದ್ದೀರಿ. ಕೇರಳ ಕೌನ್ಸಿಲಿನಿಂದ ನಿರಾಕ್ಷೇಪಣಾ ಪತ್ರ ತರಿಸಿ ಕರ್ನಾಟಕದಲ್ಲಿ ನೋಂದಣಿ ಮಾಡಿಸುವ ಕೆಲಸವನ್ನು ಅರ್ಜಿಯ ಕೊನೇ ವಾರಕ್ಕೆ ಇಟ್ಟುಕೊಳ್ಳಬೇಡಿ.

ಅನುಭವ ಪತ್ರದ ವಿಷಯದಲ್ಲಿ ನನಗೆ ಒಂದು ವರ್ಷವೇ ಹೋಯಿತು. ನಾನು ಕೆಲಸ ಮಾಡಿದ ಆಸ್ಪತ್ರೆಯವರು “ಇವರು ನಮ್ಮಲ್ಲಿ ಚೆನ್ನಾಗಿ ಕೆಲಸ ಮಾಡಿದ್ದಾರೆ” ಎಂದು ಬರೆದು ಸೀಲ್ ಹಾಕಿ ಕೊಟ್ಟಿದ್ದರು. ಯಾವ ತಾರೀಕಿನಿಂದ ಯಾವ ತಾರೀಕಿನವರೆಗೆ ಎಂಬುದಿರಲಿಲ್ಲ, ಯಾವ ವಾರ್ಡ್, ಹಾಸಿಗೆ ಎಷ್ಟು ಎಂಬುದೂ ಇರಲಿಲ್ಲ. ಅರ್ಜಿ ವಾಪಸ್ ಬಂತು. ತಿದ್ದಿಸಿಕೊಳ್ಳಲು ನಾಲ್ಕು ಸಲ ಅಲೆದೆ. ಅಷ್ಟರಲ್ಲಿ ಆ ವರ್ಷದ ಸೀಟು ಮುಗಿದಿತ್ತು. ಆದ್ದರಿಂದ ಕೆಲಸದಲ್ಲಿ ಇರುವಾಗಲೇ, ಸೂಪರಿಂಟೆಂಡೆಂಟ್ ನಿಮ್ಮ ಮುಖ ಗುರುತಿಸುವಾಗಲೇ, ತಾರೀಕು ಸಮೇತ ಬರೆಸಿಕೊಳ್ಳಿ.

ಎಂ.ಎಸ್ಸಿ. ನರ್ಸಿಂಗ್ ಪೂರ್ಣಾವಧಿ ಕೋರ್ಸು, ಅಂಚೆ ಶಿಕ್ಷಣದಲ್ಲಿ ಮಾಡಿದರೆ ಮಾನ್ಯತೆ ಸಿಗದು. ಥಿಯರಿ, ಪ್ರಾಕ್ಟಿಕಲ್ ಎರಡಕ್ಕೂ ಶೇ. 80 ಹಾಜರಾತಿ ಬೇಕು, ಪದವಿ ಕೈಗೆ ಬರುವ ಮೊದಲು ಪ್ರಾಕ್ಟಿಕಲ್ ಪೂರ್ತಿ ಮುಗಿದಿರಬೇಕು. “ವಾರಕ್ಕೆರಡು ದಿನ ಬಂದರೆ ಸಾಕು” ಎನ್ನುವ ಕಾಲೇಜು ಕಂಡರೆ ಹಿಂದೆ ನೋಡದೆ ವಾಪಸ್ ಊರಿನ ಬಸ್ ಹತ್ತಿ. ನಮಗೆ ರೈಲಿಲ್ಲ, ಮಡಿಕೇರಿಯಿಂದ ಮೈಸೂರಿಗೆ ಹೆಚ್ಚುಕಡಿಮೆ 120 ಕಿ.ಮೀ. ದಿನಾ ಓಡಾಡಿ ಓದುವ ಮಾತಿಲ್ಲ, ಹಾಸ್ಟೆಲೇ ಗತಿ. ಮಗು ಚಿಕ್ಕದಿದ್ದರೆ ಆ ಎರಡು ವರ್ಷ ಯಾರ ಹತ್ತಿರ ಇರುತ್ತದೆ ಎಂಬುದನ್ನು ಅತ್ತೆಯ ಹತ್ತಿರವೋ ಅಮ್ಮನ ಹತ್ತಿರವೋ ಮೊದಲೇ ಕೂತು ಮಾತಾಡಿ. ನನ್ನ ಮಗಳನ್ನು ಅಮ್ಮ ನೋಡಿಕೊಂಡರು. ಆ ಉಪಕಾರ ತೀರುವಂಥದ್ದಲ್ಲ. ಸರ್ಕಾರಿ ಕೆಲಸದಲ್ಲಿ ಇರುವವರು ಡೆಪ್ಯುಟೇಶನ್ (ಕೆಲಸ ಬಿಡದೆ ಓದಲು ಹೋಗುವುದು) ಬಗ್ಗೆ ಇಲಾಖೆಯಲ್ಲಿ ವಿಚಾರಿಸಿ, ಆಮೇಲೆ ರಾಜೀನಾಮೆಯ ಯೋಚನೆ ಮಾಡಿ.

ಸ್ಪೆಷಾಲಿಟಿ ಐದು: ಮೆಡಿಕಲ್ ಸರ್ಜಿಕಲ್, ಪ್ರಸೂತಿ, ಮಕ್ಕಳ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ. ಯಾವುದರಲ್ಲಿ ಕೆಲಸ ಬೇಗ ಸಿಗುತ್ತದೆ ಅಂತ ಕೇಳುತ್ತಾರೆ. ನಿಮ್ಮ ಕೈಗೆ ಯಾವುದು ಗೊತ್ತೋ ಅದನ್ನು ತಗೊಳ್ಳಿ ಅನ್ನುತ್ತೇನೆ. ನೂರು ಹೆರಿಗೆ ನೋಡಿದವಳು ಕ್ಲಾಸಿನಲ್ಲಿ ನಿಂತರೆ ಮಕ್ಕಳಿಗೆ ಅದು ತಾನಾಗಿ ಗೊತ್ತಾಗುತ್ತದೆ. ಮಾನಸಿಕ ಆರೋಗ್ಯದಲ್ಲಿ ಮನಸ್ಸಿದ್ದವರು ಬೆಂಗಳೂರಿನ ನಿಮ್ಹಾನ್ಸ್‌ಗೆ ಪ್ರಯತ್ನಿಸಲೇಬೇಕು.

ಮೊದಲ ವರ್ಷದಲ್ಲಿ ನರ್ಸಿಂಗ್ ಎಜುಕೇಶನ್ ಎಂಬ ಪೇಪರ್ ಇದೆ. ಬಹಳ ಜನ ಇದನ್ನು ಉರು ಹೊಡೆದು ಪಾಸಾಗುತ್ತಾರೆ, ಅಲ್ಲೇ ಕೆಡುವುದು. ನಿಮ್ಮನ್ನು ಟೀಚರ್ ಮಾಡುವ ಪೇಪರ್ ಇದೊಂದೇ. ಉಳಿದವು ನಿಮ್ಮನ್ನು ಒಳ್ಳೆಯ ನರ್ಸ್ ಮಾಡುತ್ತವೆ. ಪಾಠ ಯೋಜನೆ ಬರೆಯುವಾಗ “ವಿದ್ಯಾರ್ಥಿಗಳು ತಿಳಿದುಕೊಳ್ಳುತ್ತಾರೆ” ಎಂದು ಬರೆದರೆ ನಮ್ಮ ಮೇಡಂ ಕೆಂಪು ಗೆರೆ ಎಳೆಯುತ್ತಿದ್ದರು. ತಿಳಿದಿದ್ದು ನಿನಗೆ ಕಾಣುತ್ತಾ? ಹೆಸರಿಸುತ್ತಾರೆ, ವಿವರಿಸುತ್ತಾರೆ, ಮಾಡಿ ತೋರಿಸುತ್ತಾರೆ ಎಂದು ಬರಿ, ಅದನ್ನು ಅಳೆಯಬಹುದು. ಶಿಕ್ಷಣತಜ್ಞ ಬ್ಲೂಮ್ 1956ರಲ್ಲಿ ಕೊಟ್ಟ, ಕಲಿಕೆಯ ಗುರಿಗಳ ವರ್ಗೀಕರಣದ ಪಟ್ಟಿ ಪರೀಕ್ಷೆಗೆ ಬೇಕು, ನಿಜ. ಆದರೆ ಅದರ ಸಾರ ಆ ಕೆಂಪು ಗೆರೆಯಲ್ಲಿತ್ತು.

ಇನ್ನೊಂದು ಮೈಕ್ರೋಟೀಚಿಂಗ್. ಐದು–ಹತ್ತು ನಿಮಿಷ, ಎದುರಿಗೆ ನಾಲ್ಕೈದು ಸಹಪಾಠಿಗಳು, ಒಂದೇ ಒಂದು ಕೌಶಲ: ಪ್ರಶ್ನೆ ಕೇಳುವುದು, ಇಲ್ಲವೇ ಉದಾಹರಣೆ ಕೊಡುವುದು, ಇಲ್ಲವೇ ಬೋರ್ಡ್ ಬಳಸುವುದು. ಪಾಠ, ಅಭಿಪ್ರಾಯ, ತಿದ್ದಿದ ಯೋಜನೆ, ಮತ್ತೆ ಪಾಠ, ಮತ್ತೆ ಅಭಿಪ್ರಾಯ. ಮೊದಲ ಸಲ ನಾನು ಸ್ಲೈಡ್ ಓದಿದೆ. ಮಧ್ಯೆ ಕರೆಂಟ್ ಹೋಯಿತು, ಬಾಯಿ ಕಟ್ಟಿಹೋಯಿತು. ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟ್ ಇಲ್ಲದ ಊರಿನಿಂದ ಬಂದವಳಿಗೆ ಅಷ್ಟೂ ಹೊಳೆದಿರಲಿಲ್ಲ. ಎರಡನೇ ಸಲ ಬರೀ ಸೀಮೆಸುಣ್ಣದಲ್ಲಿ ಮಾಡಿದೆ. ಈಗಲೂ ಪ್ರತಿ ಪಾಠವನ್ನು ಮೊದಲು ಸೀಮೆಸುಣ್ಣಕ್ಕೆ ಸಿದ್ಧಪಡಿಸಿ, ಆಮೇಲೆ ಬೇಕಾದರೆ ಸ್ಲೈಡ್ ಮಾಡುತ್ತೇನೆ.

ಕ್ಲಾಸಿಗಿಂತ ಹಾಸಿಗೆಯ ಪಕ್ಕದ ಪಾಠ ಕಷ್ಟ. ಒಂದು ಜುಲೈನಲ್ಲಿ, ಹೊರಗೆ ಎಡೆಬಿಡದ ಮಳೆ, ಎರಡನೇ ವರ್ಷದ ಹುಡುಗಿಯೊಬ್ಬಳು ಎಂಟು ತಿಂಗಳ ಗರ್ಭಿಣಿಯ ಹೊಟ್ಟೆ ಪರೀಕ್ಷೆ ಮಾಡುತ್ತಿದ್ದಳು. ಪುಸ್ತಕದಲ್ಲಿದ್ದಂತೆಯೇ ಕೈ ಇಟ್ಟಿದ್ದಾಳೆ, ಮಗುವಿನ ತಲೆ ಸಿಗುತ್ತಿಲ್ಲ. “ಮೇಡಂ, ಏನೂ ಗೊತ್ತಾಗ್ತಿಲ್ಲ.” ಕಣ್ಣಲ್ಲಿ ನೀರು. ನಾನು ಅವಳ ಕೈ ಮುಟ್ಟಿ ನೋಡಿದೆ, ಮಂಜುಗಡ್ಡೆ. ಆ ಚಳಿ ತಾಗಿದ ಕೂಡಲೇ ತಾಯಿಯ ಹೊಟ್ಟೆಯ ಸ್ನಾಯು ಬಿಗಿಯಾಗಿತ್ತು. ಫ್ಲಾಸ್ಕಿನ ಬಿಸಿನೀರನ್ನು ತಣ್ಣೀರಿಗೆ ಬೆರೆಸಿ ಕೈ ಅದ್ದಿಸಿ ಒರೆಸಿಸಿದೆ. ಅವ್ವನನ್ನು ಮೂತ್ರಕ್ಕೆ ಕಳಿಸಿ, ವಾಪಸ್ ಬಂದ ಮೇಲೆ ಮಂಡಿ ಮಡಿಸಿ ಮಲಗಿಸಿ, “ಮುಟ್ಲಾ ಅವ್ವಾ?” ಅಂತ ಹುಡುಗಿಯ ಬಾಯಲ್ಲೇ ಕೇಳಿಸಿದೆ. ಈ ಸಲ ಬೆರಳ ತುದಿ ಅಲ್ಲ, ಅಂಗೈ. ಗುಂಡಗೆ, ಗಟ್ಟಿಯಾಗಿ, ಆಚೀಚೆ ತೇಲುವ ತಲೆ ಸಿಕ್ಕಿತು. ಅವಳ ಮುಖ ನೋಡಬೇಕಿತ್ತು. ನಾನು ತಲೆ ಹುಡುಕಿ ಅವಳ ಕೈಯನ್ನು ಅಲ್ಲಿ ಇಟ್ಟಿದ್ದರೆ ಒಂದು ನಿಮಿಷ ಸಾಕಿತ್ತು. ಎಂಟು ನಿಮಿಷ ಕೊಟ್ಟೆ.

ಎರಡು ವರ್ಷದಲ್ಲಿ ನಿದ್ದೆ ಕೆಡಿಸುವುದು ಡಿಸರ್ಟೇಶನ್, ಅಂದರೆ ಸಂಶೋಧನಾ ಪ್ರಬಂಧ. ಅಧ್ಯಯನದ ರೂಪರೇಷೆ (ಸಿನಾಪ್ಸಿಸ್) ಮೊದಲ ವರ್ಷದಲ್ಲೇ ಹೋಗಬೇಕು, ಎಥಿಕ್ಸ್ ಸಮಿತಿ ಒಪ್ಪಬೇಕು. ಪ್ರಶ್ನಾವಳಿಯನ್ನು ತಜ್ಞರಿಗೆ ತೋರಿಸಿ, ಕೆಲವರ ಮೇಲೆ ಪೈಲಟ್ ಮಾಡಿ ನೋಡಿ, ಆಮೇಲೆ ಅಧ್ಯಯನ. ವಿಷಯ ಆರಿಸುವಾಗ ಸೀನಿಯರ್‌ಗಳ ಹಳೇ ಪುಸ್ತಕದ ಹೆಸರು ಬದಲಿಸುವ ಚಾಳಿ ಇದೆ: ಪಾಠದ ಮೊದಲು ಒಂದು ಪ್ರಶ್ನೆಪತ್ರಿಕೆ, ಪಾಠದ ನಂತರ ಅದೇ ಪ್ರಶ್ನೆಪತ್ರಿಕೆ, ಅಂಕ ಜಾಸ್ತಿಯಾಯಿತು ಎಂಬ ಫಲಿತಾಂಶ. ಪಾಠ ಕೇಳಿದವರಿಗೆ ಅಂಕ ಜಾಸ್ತಿಯಾಗದೆ ಇನ್ನೇನು? ನಿಮ್ಮ ಊರನ್ನೇ ನೋಡಿ. ಗರ್ಭಿಣಿಗೆ ದಿನಕ್ಕೊಂದರಂತೆ 180 ಕಬ್ಬಿಣದ ಮಾತ್ರೆ ಕೊಡುತ್ತಾರೆ. ನಮ್ಮ ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಎಷ್ಟೋ ಹೆಂಗಸರು ಅದನ್ನು ನುಂಗುವುದು ಬೆಲ್ಲದ ಕಾಫಿಯ ಜೊತೆ, ಇಲ್ಲ ಚಹಾದ ಜೊತೆ. ಎರಡೂ ಕಬ್ಬಿಣ ಮೈಗೆ ಸರಿಯಾಗಿ ಹತ್ತದಂತೆ ಮಾಡುತ್ತವೆ. ಮಾತ್ರೆಯ ಬಗ್ಗೆ ಅವರಿಗೆ ಎಷ್ಟು ಗೊತ್ತು ಎಂದು ಅಂಕ ಹಾಕುವ ಬದಲು, ಖಾಲಿಯಾದ ಸ್ಟ್ರಿಪ್ ಎಣಿಸಿ, ಯಾವುದರ ಜೊತೆ ನುಂಗಿದರು ಕೇಳಿ, ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದೆಯಾ ನೋಡಿ. ಅಂಥ ಅಧ್ಯಯನ ಮುಂದೆ ನಿಮ್ಮ ಪಾಠಕ್ಕೂ ಒದಗುತ್ತದೆ.

ಆದರೆ ತಿಂಗಳು ನೋಡಿ ಹೊರಡಿ. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಹಗಲು ಹೋದರೆ ಲೈನ್ ಮನೆಯಲ್ಲಿ ಮಕ್ಕಳು, ಮುದುಕರು ಮಾತ್ರ. ಹೆಂಗಸರೆಲ್ಲ ಕಾಫಿ ಕೊಯ್ಲಿನಲ್ಲಿ. ಸಂಜೆಯೇ ಹೋಗಬೇಕು. ಸಂತೆ ದಿನ ಬೇಡ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯನ್ನು ನಂಬಿ ವೇಳಾಪಟ್ಟಿ ಹಾಕಬೇಡಿ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಎಷ್ಟೋ ಊರಿಗೆ ದಾರಿಯೇ ಉಳಿದಿರಲಿಲ್ಲ. ತೋಟದ ಮಾಲೀಕರು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಇಬ್ಬರ ಅನುಮತಿಯೂ ಬರಹದಲ್ಲಿರಲಿ. ಒಪ್ಪಿಗೆ ಪತ್ರ ಕನ್ನಡದಲ್ಲಿದ್ದರೆ ಸಾಕು ಅಂದುಕೊಳ್ಳಬೇಡಿ. ಯರವ ಬುಡಕಟ್ಟಿನ ಹೆಂಗಸರಿಗೆ ಅವರ ಮಾತು ಬಲ್ಲ ಆಶಾ ಕಾರ್ಯಕರ್ತೆಯಿಂದ ಓದಿ ಹೇಳಿಸಿ, ಸಾಕ್ಷಿಯ ಎದುರು ಹೆಬ್ಬೆಟ್ಟು ಹಾಕಿಸಿ. ಈಗ ಅಸ್ಸಾಮಿನಿಂದ ಬಂದ ಕುಟುಂಬಗಳೂ ಬಹಳ ಇವೆ, ಅವರಿಗೂ ಅರ್ಥವಾಗುವ ಮಾತಿನಲ್ಲಿ ಹೇಳುವವರು ಬೇಕು. “ಸಾಹುಕಾರ್ರು ಹೇಳಿದ್ದಾರೆ” ಎಂದು ಹೆದರಿ ಕೂತವಳ ಒಪ್ಪಿಗೆ ಒಪ್ಪಿಗೆಯಲ್ಲ. ಅಂಥವರನ್ನು ಬಿಟ್ಟುಬಿಡಿ, ಸ್ಯಾಂಪಲ್ ಕಮ್ಮಿಯಾದರೂ ಪರವಾಗಿಲ್ಲ, ಗೈಡ್‌ಗೆ ನಿಜ ಹೇಳಿ.

ಸಂಖ್ಯಾಶಾಸ್ತ್ರಕ್ಕೆ ಹೆದರುವವರು ಹೆಚ್ಚು. ಪೇರ್ಡ್ ಟಿ ಟೆಸ್ಟ್, ಕೈ ಸ್ಕ್ವೇರ್ ಎಂಬ ಎರಡು ಲೆಕ್ಕದ ಪರೀಕ್ಷೆಗಳನ್ನಾದರೂ ಒಂದು ಸಲ ಕೈಯಲ್ಲೇ ಲೆಕ್ಕ ಮಾಡಿ. ದುಡ್ಡು ಕೊಟ್ಟು ಬೇರೆಯವರಿಂದ ವಿಶ್ಲೇಷಣೆ ಬರೆಸಿದರೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಸಿಕ್ಕಿಬೀಳುತ್ತೀರಿ. ನಾಳೆ ನಿಮ್ಮ ವಿದ್ಯಾರ್ಥಿ ಕೇಳಿದಾಗಲೂ ಉತ್ತರವಿರುವುದಿಲ್ಲ.

ಎಂ.ಎಸ್ಸಿ. ಮುಗಿದ ಮೇಲೆ ಅಸಿಸ್ಟೆಂಟ್ ಪ್ರೊಫೆಸರ್, ಅಸೋಸಿಯೇಟ್, ಪ್ರೊಫೆಸರ್ ಎಂದು ಮೆಟ್ಟಿಲು. ಎಲ್ಲದಕ್ಕೂ ಲೆಕ್ಕಕ್ಕೆ ಬರುವುದು ಅನುಭವದ ವರ್ಷಗಳು, ಹಾಗಾಗಿ ಮತ್ತೆ ಅದೇ ಮಾತು, ತಾರೀಕು ಇರುವ ಪತ್ರ. ಸಂದರ್ಶನದಲ್ಲಿ ಸಂಬಳ ಕೇಳಿದ ಮೇಲೆ ಇನ್ನೊಂದು ಕೇಳಿ: ಒಬ್ಬ ಟೀಚರ್‌ಗೆ ವಿದ್ಯಾರ್ಥಿಗಳೆಷ್ಟು? ಕೌನ್ಸಿಲಿನ ಅನುಪಾತ ಒಂದಕ್ಕೆ ಹತ್ತು. ಮೂವತ್ತು ಮಕ್ಕಳನ್ನು ಒಬ್ಬರ ಜೊತೆ ವಾರ್ಡಿಗೆ ಕಳಿಸುವ ಕಡೆ ಆ ಎಂಟು ನಿಮಿಷ ಯಾರಿಗೂ ಸಿಗುವುದಿಲ್ಲ. ನಾನು ಅಂಥದೊಂದು ಕೆಲಸವನ್ನು ಒಪ್ಪಿಕೊಳ್ಳದೆ ಬಂದಿದ್ದೇನೆ, ಮನೆಯಲ್ಲಿ ಸಾಲ ಇದ್ದಾಗಲೇ.