ಕಾಂಟ್ರಾಕ್ಟಿನ ಕೊನೆಯ ತಿಂಗಳಿಂದ ಹಿಂದಕ್ಕೆ ಲೆಕ್ಕ ಹಾಕಿ ಫೋನ್ ಆರಿಸಿ

ಈ ಸಲ ನನ್ನ ಮೊಬೈಲ್ ಕಾಂಟ್ರಾಕ್ಟ್ (ಫೋನಿನ ಕಂತು, ಸಿಮ್ ಪ್ಲಾನ್ ಎರಡನ್ನೂ ಒಂದೇ ತಿಂಗಳ ಬಿಲ್ಲಿನಲ್ಲಿ ಕಟ್ಟುವ ಒಪ್ಪಂದ) ಮುಗಿಯುತ್ತಾ ಬಂದಾಗ ಆಯ್ಕೆ ಎರಡು ಫೋನಿಗೆ ಬಂದು ನಿಂತಿತು. ಒಂದು, ಹೋದ ವರ್ಷದ ಟಾಪ್ ಮಾಡೆಲ್. ಇನ್ನೊಂದು, ಈ ವರ್ಷ ಬಂದ ಮಧ್ಯಮ ದರ್ಜೆಯ ಫೋನ್. ತಿಂಗಳ ಬಿಲ್ ನೋಡಿದರೆ ಎರಡೂ ಹತ್ತಿರ ಹತ್ತಿರ. ಅಪ್‌ಗ್ರೇಡ್ ಮಾಡುವ ತುಂಬಾ ಜನಕ್ಕೆ ಎದುರಾಗುವುದು ಇದೇ ಜೋಡಿ.

ಲೆಕ್ಕಪತ್ರ ಬರೆಯುವುದು ನನ್ನ ಕೆಲಸ. ಹಾಗಾಗಿ ಸ್ಪೆಸಿಫಿಕೇಶನ್ ಪಟ್ಟಿಯನ್ನು ಪಕ್ಕಕ್ಕಿಟ್ಟೆ. ಒಂದು ಹಾಳೆ ತೆಗೆದುಕೊಂಡು ಕಾಂಟ್ರಾಕ್ಟಿನ ಕೊನೆಯ ತಿಂಗಳಿಂದ ಶುರು ಮಾಡಿದೆ. ಕೈಗೆ ತೆಗೆದುಕೊಂಡ ಮೊದಲ ದಿನ ಎಲ್ಲ ಫೋನೂ ಚೆನ್ನಾಗಿಯೇ ಇರುತ್ತದೆ. ವ್ಯತ್ಯಾಸ ಗೊತ್ತಾಗುವುದು ಎರಡು ಮೂರು ವರ್ಷ ಆದ ಮೇಲೆ, ಇನ್ನೂ ಕಂತು ಕಟ್ಟುತ್ತಿರುವಾಗ.

ಎರಡು ತಾರೀಕು ಬರೆದುಕೊಳ್ಳಿ

ಪ್ರತಿ ಫೋನಿನ ಹೆಸರಿನ ಕೆಳಗೆ ಎರಡು ತಾರೀಕು ಬರೆಯಿರಿ. ಕಾಂಟ್ರಾಕ್ಟ್ ಮುಗಿಯುವ ತಾರೀಕು ಒಂದು. ಆ ಫೋನಿಗೆ ಸೆಕ್ಯುರಿಟಿ ಅಪ್‌ಡೇಟ್ (ಸಾಫ್ಟ್‌ವೇರಿನ ಸುರಕ್ಷತೆಯ ದೋಷ ಸರಿಪಡಿಸುವ ಅಪ್‌ಡೇಟ್) ನಿಲ್ಲುವ ತಾರೀಕು ಇನ್ನೊಂದು.

ಎರಡನೆಯದನ್ನು ಹುಡುಕುವಾಗ ಒಂದು ವಿಷಯ ನೆನಪಿರಲಿ. ಅಪ್‌ಡೇಟ್ ವರ್ಷಗಳ ಎಣಿಕೆ ಸಾಮಾನ್ಯವಾಗಿ ಆ ಮಾಡೆಲ್ ಮೊದಲು ಮಾರುಕಟ್ಟೆಗೆ ಬಂದ ದಿನದಿಂದ ಶುರುವಾಗುತ್ತದೆ. ನೀವು ಯಾವಾಗ ಕೊಂಡಿರಿ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಗೂಗಲ್‌ನ ಎರಡು ಫೋನ್ ತೆಗೆದುಕೊಳ್ಳಿ. ಪಿಕ್ಸೆಲ್ 7 ಬಂದದ್ದು 2022ರ ಅಕ್ಟೋಬರ್‌ನಲ್ಲಿ. ಅದಕ್ಕೆ 5 ವರ್ಷದ ಸೆಕ್ಯುರಿಟಿ ಅಪ್‌ಡೇಟ್, ಅಂದರೆ 2027ರ ಅಕ್ಟೋಬರ್‌ವರೆಗೆ. ಪಿಕ್ಸೆಲ್ 8 ಬಂದದ್ದು 2023ರ ಅಕ್ಟೋಬರ್‌ನಲ್ಲಿ. ಅದಕ್ಕೆ 7 ವರ್ಷ, 2030ರ ಅಕ್ಟೋಬರ್‌ವರೆಗೆ. ಹುಟ್ಟಿನಲ್ಲಿ ಒಂದೇ ವರ್ಷದ ವ್ಯತ್ಯಾಸ, ಅಪ್‌ಡೇಟ್ ನಿಲ್ಲುವ ತಾರೀಕಿನಲ್ಲಿ ಮೂರು ವರ್ಷದ್ದು. ಸ್ಯಾಮ್‌ಸಂಗ್ ಕೂಡ 2024ರ ಗ್ಯಾಲಕ್ಸಿ ಎಸ್24 ಸಾಲಿನಿಂದ 7 ವರ್ಷ ಅಂದಿತು. ಅದರ ಹಿಂದಿನ ವರ್ಷದ ಎಸ್23ಕ್ಕೆ ಹೇಳಿದ್ದು 5 ವರ್ಷ. "ಹೋದ ವರ್ಷದ ಫೋನ್ ತಾನೇ, ಏನು ಮಹಾ ವ್ಯತ್ಯಾಸ" ಅಂದುಕೊಳ್ಳುವ ಮೊದಲು ಇದನ್ನು ನೋಡಿ.

ಆಂಡ್ರಾಯ್ಡ್‌ನ ಹೊಸ ಆವೃತ್ತಿ ಸಿಗುವುದು ಬೇರೆ, ಸೆಕ್ಯುರಿಟಿ ಅಪ್‌ಡೇಟ್ ಸಿಗುವುದು ಬೇರೆ. ಹೊಸ ಆವೃತ್ತಿ ಬರದಿದ್ದರೆ ನನಗೆ ಬೇಜಾರಿಲ್ಲ. ಆದರೆ ಸೆಕ್ಯುರಿಟಿ ಅಪ್‌ಡೇಟ್ ನಿಂತ ಫೋನಿನಲ್ಲಿ ಬ್ಯಾಂಕ್ ಆ್ಯಪ್ ಇಟ್ಟುಕೊಳ್ಳಲು ನನಗೆ ಮನಸ್ಸು ಒಪ್ಪುವುದಿಲ್ಲ. ನನ್ನ ನಿಯಮ ಇಷ್ಟೇ: ಅಪ್‌ಡೇಟ್ ನಿಲ್ಲುವ ತಾರೀಕು, ಕಾಂಟ್ರಾಕ್ಟ್ ಮುಗಿಯುವ ತಾರೀಕಿಗಿಂತ ಕನಿಷ್ಠ ಒಂದು ವರ್ಷ ಆಚೆ ಇರಬೇಕು. ಕಾಂಟ್ರಾಕ್ಟ್ ಮುಗಿದ ಮೇಲೆ ಸಿಗುವ ಆ ಕಂತಿಲ್ಲದ ವರ್ಷವೇ ನಿಜವಾದ ಉಳಿತಾಯ ಅಲ್ವಾ? ಫೋನ್ ತಯಾರಿಸಿದ ಕಂಪನಿಯ ಸಹಾಯ ಪುಟದಲ್ಲಿ ಮಾಡೆಲ್ ಹೆಸರು ಹಾಕಿ ಹುಡುಕಿ. ಮಾರುವವರ ಬಾಯಿಮಾತಿನ ಮೇಲೆ ಈ ತಾರೀಕನ್ನು ಬರೆದುಕೊಳ್ಳಬೇಡಿ.

ತಿಂಗಳ ಬಿಲ್ ಮಾತ್ರ ನೋಡಬೇಡಿ

ಕಾಂಟ್ರಾಕ್ಟಿನಲ್ಲಿ ಫೋನಿನ ಬೆಲೆ ಮತ್ತು ಪ್ಲಾನಿನ ಬೆಲೆ ಒಂದರೊಳಗೊಂದು ಸೇರಿಕೊಂಡಿರುತ್ತವೆ. ಅವನ್ನು ಬಿಡಿಸುವುದು ಕಷ್ಟವೇನಲ್ಲ. ಅದೇ ಕಂಪನಿಯಲ್ಲಿ, ಅಷ್ಟೇ ಡೇಟಾ ಇರುವ, ಫೋನ್ ಇಲ್ಲದ ಬರೀ ಸಿಮ್ ಪ್ಲಾನಿಗೆ ಎಷ್ಟು ಅಂತ ನೋಡಿ. ನಿಮಗೆ ಹೇಳಿದ ತಿಂಗಳ ಬಿಲ್ಲಿನಿಂದ ಅದನ್ನು ಕಳೆಯಿರಿ. ಉಳಿದದ್ದನ್ನು ತಿಂಗಳುಗಳ ಸಂಖ್ಯೆಯಿಂದ ಗುಣಿಸಿ. ಮುಂಗಡ ಇದ್ದರೆ ಸೇರಿಸಿ. ಬಂದದ್ದೇ ಆ ಫೋನಿಗೆ ನೀವು ಕೊಡುವ ಬೆಲೆ.

ಒಂದು ಉದಾಹರಣೆ. ಹಣ ಯಾವ ದೇಶದ್ದಾದರೂ ಸರಿ, ಲೆಕ್ಕ ಒಂದೇ. ಮೊದಲ ಫೋನಿಗೆ ತಿಂಗಳಿಗೆ 40, ಮುಂಗಡ 50, ಅವಧಿ 24 ತಿಂಗಳು. ಬರೀ ಸಿಮ್ ಪ್ಲಾನ್ 15. ಹಾಗಾದರೆ 25ನ್ನು 24ರಿಂದ ಗುಣಿಸಿದರೆ 600, ಮುಂಗಡ ಸೇರಿ 650. ಎರಡನೇ ಫೋನಿಗೆ ತಿಂಗಳಿಗೆ 33, ಮುಂಗಡ ಇಲ್ಲ, ಅವಧಿ 36 ತಿಂಗಳು. 18ನ್ನು 36ರಿಂದ ಗುಣಿಸಿದರೆ 648. ತಿಂಗಳಿಗೆ 7 ಕಡಿಮೆ ಅಂತ ಕಂಡ ಫೋನಿಗೂ ಕೊನೆಗೆ ಅಷ್ಟೇ ಹಣ. ಜೊತೆಗೆ ಒಂದು ವರ್ಷ ಜಾಸ್ತಿ ಕಟ್ಟಿಹಾಕಿಸಿಕೊಂಡ ಹಾಗಾಯಿತು. ಈಗ ಅದೇ ಫೋನ್ ಬಿಡಿಯಾಗಿ ಕೊಂಡರೆ ಎಷ್ಟು ಅಂತ ನೋಡಿ. 560 ಇದ್ದರೆ, ಕಂತಿನ ಅನುಕೂಲಕ್ಕೆ ನೀವು ಸುಮಾರು 90 ಕೊಡುತ್ತಿದ್ದೀರಿ. ಕೆಲವೊಮ್ಮೆ ಕಾಂಟ್ರಾಕ್ಟೇ ಅಗ್ಗ ಬೀಳುವುದೂ ಉಂಟು. ಲೆಕ್ಕ ಹಾಕದೆ ಯಾವುದನ್ನೂ ನಂಬಬೇಡಿ ಅಷ್ಟೇ.

ಸಹಿ ಹಾಕುವ ಮೊದಲು ಷರತ್ತುಗಳಲ್ಲಿ ನಾಲ್ಕು ವಿಷಯ ಹುಡುಕಿ. ನಡುವೆ ಬಿಲ್ ಏರಿಸುವ ಹಕ್ಕು ಅವರಿಗಿದೆಯಾ? ಅವಧಿ ಮುಗಿದ ಮೇಲೆ ಬಿಲ್ ತಾನಾಗಿ ಇಳಿಯುತ್ತದಾ, ಇಲ್ಲಾ ನೀವೇ ಕೇಳಬೇಕಾ? ಬೇಗ ಬಿಡಬೇಕಾದರೆ ಎಷ್ಟು ಕಟ್ಟಬೇಕು? ಫೋನ್ ಆ ಕಂಪನಿಯ ಸಿಮ್‌ಗೆ ಮಾತ್ರ ಲಾಕ್ ಆಗಿರುತ್ತದಾ? ಎರಡನೇ ಪ್ರಶ್ನೆ ತುಂಬಾ ಮುಖ್ಯ. ಫೋನಿನ ಹಣ ತೀರಿದ ಮೇಲೂ ಸುಮ್ನೆ ಅದೇ ಬಿಲ್ ಕಟ್ಟುತ್ತಾ ಹೋಗುವವರನ್ನು ನಾನು ನೋಡಿದ್ದೇನೆ. ಕೊನೆಯ ಕಂತಿನ ತಿಂಗಳಿಗೆ ಕ್ಯಾಲೆಂಡರ್‌ನಲ್ಲಿ ಈಗಲೇ ಒಂದು ರಿಮೈಂಡರ್ ಹಾಕಿಬಿಡಿ.

ಬ್ಯಾಟರಿಯ ಆಯುಷ್ಯ

ಬ್ಯಾಟರಿ ಅಂದರೆ ಎಲ್ಲರೂ ನೋಡುವುದು ಎಂಎಎಚ್, ಅಂದರೆ ಅದು ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ. ಅದರ ಮೇಲೆ ಮಾತ್ರ ತೀರ್ಮಾನ ಮಾಡಲಾಗದು. 5000 ಎಂಎಎಚ್ ಇದ್ದರೂ ದೊಡ್ಡ ಸ್ಕ್ರೀನ್, ಜಾಸ್ತಿ ಕರೆಂಟ್ ತಿನ್ನುವ ಚಿಪ್ ಇದ್ದರೆ ಬೇಗ ಖಾಲಿಯಾಗುತ್ತದೆ. ಕಾಂಟ್ರಾಕ್ಟ್‌ನವರು ಕೇಳಬೇಕಾದ ಪ್ರಶ್ನೆ ಬೇರೆ: ಈ ಬ್ಯಾಟರಿ ಎಷ್ಟು ಸೈಕಲ್ ತಾಳುತ್ತದೆ?

ಒಂದು ಸೈಕಲ್ ಅಂದರೆ ಒಟ್ಟು ನೂರು ಶೇಕಡಾ ಚಾರ್ಜ್ ಬಳಸಿದ್ದು. ಇವತ್ತು ಅರ್ಧ, ನಾಳೆ ಅರ್ಧ ಬಳಸಿದರೆ ಎರಡು ದಿನಕ್ಕೆ ಒಂದು ಸೈಕಲ್. ಐಫೋನ್ 14 ಮತ್ತು ಅದಕ್ಕೂ ಹಳೆಯ ಮಾಡೆಲ್‌ಗಳ ಬ್ಯಾಟರಿ 500 ಸೈಕಲ್ ಆದಾಗ ಮೂಲ ಸಾಮರ್ಥ್ಯದ ಶೇ. 80 ಉಳಿಸಿಕೊಳ್ಳುವಂತೆ ಮಾಡಿದ್ದು ಅಂತ ಆ್ಯಪಲ್ ಹೇಳುತ್ತದೆ. ಐಫೋನ್ 15ರಿಂದ ಅದು 1000 ಸೈಕಲ್. ದಿನಕ್ಕೊಂದು ಸೈಕಲ್ ಬಳಸುವವರಿಗೆ 24 ತಿಂಗಳಲ್ಲಿ 730 ಸೈಕಲ್ ಆಗುತ್ತದೆ, 36 ತಿಂಗಳಲ್ಲಿ 1095. ಅಂದರೆ 500ರ ಬ್ಯಾಟರಿ ಎರಡು ವರ್ಷದ ಕಾಂಟ್ರಾಕ್ಟನ್ನೂ ದಾಟುವುದಿಲ್ಲ. ಮಧ್ಯದಲ್ಲಿ ಹೊಸ ಬ್ಯಾಟರಿ ಹಾಕಿಸಬೇಕಾಗಬಹುದು. ಆ ಖರ್ಚನ್ನು ಮೇಲಿನ ಲೆಕ್ಕಕ್ಕೇ ಸೇರಿಸಿ. ನಾನು ಸೇರಿಸಿದ್ದೆ. ನನ್ನ ಎರಡು ಫೋನ್‌ಗಳ ನಡುವಿನ ಬೆಲೆಯ ಅಂತರ ಅಲ್ಲೇ ಕರಗಿಹೋಯಿತು.

ಈ ಸಂಖ್ಯೆಯನ್ನು ಎಲ್ಲರೂ ಡಬ್ಬಿಯ ಮೇಲೆ ಬರೆಯುವುದಿಲ್ಲ. ಯುರೋಪಿಯನ್ ಯೂನಿಯನ್‌ನಲ್ಲಿ 2025ರ ಜೂನ್ 20ರಿಂದ ಹೊಸದಾಗಿ ಮಾರುಕಟ್ಟೆಗೆ ಬರುವ ಫೋನ್‌ಗಳಿಗೆ ಎನರ್ಜಿ ಲೇಬಲ್ ಕಡ್ಡಾಯ. ಅದರಲ್ಲಿ ಬ್ಯಾಟರಿ ಎಷ್ಟು ಸೈಕಲ್ ಬಾಳುತ್ತದೆ, ಬಿದ್ದರೆ ಎಷ್ಟು ತಡೆಯುತ್ತದೆ, ರಿಪೇರಿ ಎಷ್ಟು ಸುಲಭ ಎಲ್ಲ ಇರುತ್ತದೆ. ನೀವು ಬೇರೆ ಕಡೆ ಇದ್ದರೂ ಆ ಮಾಡೆಲ್ ಅಲ್ಲಿ ಮಾರಾಟದಲ್ಲಿದ್ದರೆ ಲೇಬಲ್ ಒಮ್ಮೆ ನೋಡಿ. ಪ್ರದೇಶಕ್ಕೆ ತಕ್ಕಂತೆ ಬ್ಯಾಟರಿ ಬದಲಾಗುವುದುಂಟು, ಆದ್ದರಿಂದ ಮಾಡೆಲ್ ನಂಬರ್ ಪೂರ್ತಿ ಹೊಂದುತ್ತದಾ ಅಂತ ಗಮನಿಸಿ. ಹೋದ ವರ್ಷದ ಫೋನ್ ಆದರೆ ತಯಾರಾದ ತಿಂಗಳನ್ನೂ ಕೇಳಿ. ಬಳಸದೆ ಡಬ್ಬಿಯಲ್ಲಿದ್ದರೂ ಲಿಥಿಯಂ ಬ್ಯಾಟರಿ ನಿಧಾನವಾಗಿ ಹಳತಾಗುತ್ತಲೇ ಇರುತ್ತದೆ.

ಕೈಗೆ ತೆಗೆದುಕೊಂಡು ನೋಡುವಾಗ

ಇಲ್ಲಿ ಅವಸರ ಬೇಡ. ತೂಕದಿಂದ ಶುರು ಮಾಡಿ. ಐಫೋನ್ 15 171 ಗ್ರಾಂ, ಅದೇ ಸಾಲಿನ ಪ್ರೊ ಮ್ಯಾಕ್ಸ್ 221 ಗ್ರಾಂ. ಐವತ್ತು ಗ್ರಾಂ ಅಂದರೆ ಏನೂ ಅಲ್ಲ ಅನಿಸುತ್ತದೆ. ಮಲಗಿಕೊಂಡು ಒಂದೇ ಕೈಯಲ್ಲಿ ಓದುವಾಗ ಬೆರಳಿಗೆ ಗೊತ್ತಾಗುತ್ತದೆ. ನನ್ನ ಅಂಗೈ ಸಣ್ಣದು. ಹೆಬ್ಬೆರಳು ಸ್ಕ್ರೀನಿನ ಆಚೆ ಮೂಲೆ ಮುಟ್ಟುತ್ತದಾ ಅಂತ ನಾನು ನೋಡಿಯೇ ನೋಡುತ್ತೇನೆ. ಮೇಲೊಂದು ಕವರ್ ಬರುತ್ತದೆ ಅನ್ನುವುದನ್ನೂ ಲೆಕ್ಕಕ್ಕಿಡಿ.

ಆಮೇಲೆ ಅಕ್ಷರದ ಗಾತ್ರವನ್ನು ನಿಮಗೆ ಬೇಕಾದಷ್ಟು ದೊಡ್ಡದು ಮಾಡಿ. ಕನ್ನಡದ ಒಂದು ಪುಟ ತೆರೆಯಿರಿ. ಒತ್ತಕ್ಷರಗಳು ಒಂದರ ಮೇಲೊಂದು ಬೀಳದೆ ಸ್ಪಷ್ಟವಾಗಿ ಕಾಣುತ್ತವಾ? ಸ್ಕ್ರೀನ್ 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವುದು) ಆದರೆ ಸ್ಕ್ರೋಲ್ ಮಾಡುವಾಗ ಅಕ್ಷರ ಸ್ವಲ್ಪ ಮಸುಕಾಗುತ್ತದೆ, 120 ಆದರೆ ನಯವಾಗಿ ಹೋಗುತ್ತದೆ. ಬೆಳಕನ್ನು ತೀರಾ ಕಡಿಮೆ ಮಾಡಿ ಒಂದೆರಡು ನಿಮಿಷ ಓದಿ. ಹಲವು ಓಎಲ್‌ಇಡಿ ಸ್ಕ್ರೀನ್‌ಗಳು ಬೆಳಕು ತಗ್ಗಿಸಲು ಅತಿ ವೇಗವಾಗಿ ಆರಿ ಹೊತ್ತುತ್ತಿರುತ್ತವೆ. ನಮಗೆ ಅದು ಕಾಣುವುದಿಲ್ಲ. ಆದರೆ ಕೆಲವರಿಗೆ ಅದರಿಂದ ಕಣ್ಣು ನೋವು, ತಲೆನೋವು ಬರುತ್ತದೆ. ನಾನು ಆ ಕೆಲವರಲ್ಲಿ ಒಬ್ಬಳು. ದಿನವಿಡೀ ಅಂಕಿ ನೋಡಿದ ಕಣ್ಣಿಗೆ ರಾತ್ರಿ ಇನ್ನಷ್ಟು ತೊಂದರೆ ಕೊಡುವ ಫೋನ್ ಎಷ್ಟೇ ಚೆನ್ನಾಗಿದ್ದರೂ ನನಗೆ ಬೇಡ.

ಕ್ಯಾಮೆರಾದಲ್ಲಿ ಮೆಗಾಪಿಕ್ಸೆಲ್ ನೋಡಿ ಮರುಳಾಗಬೇಡಿ. 200 ಮೆಗಾಪಿಕ್ಸೆಲ್ ಅಂತ ಬರೆದಿರುವ ಸೆನ್ಸರ್ ಸಾಮಾನ್ಯವಾಗಿ 16 ಪಿಕ್ಸೆಲ್ ಸೇರಿಸಿ ಒಂದು ಮಾಡಿ, ಸುಮಾರು 12.5 ಮೆಗಾಪಿಕ್ಸೆಲ್ ಚಿತ್ರ ಕೊಡುತ್ತದೆ. 50 ಮೆಗಾಪಿಕ್ಸೆಲ್‌ನದು 4 ಸೇರಿಸಿ ಒಂದು ಮಾಡಿದರೆ ಅದೂ 12.5 ಆಗುತ್ತದೆ. ಸೆನ್ಸರ್ ಎಷ್ಟು ದೊಡ್ಡದು, ಕೈ ಅಲುಗಿದರೂ ಚಿತ್ರ ಅಲುಗದ ಹಾಗೆ ಮಾಡುವ ಓಐಎಸ್ ಇದೆಯಾ ಅನ್ನುವುದು ಮುಖ್ಯ. 2 ಮೆಗಾಪಿಕ್ಸೆಲ್‌ನ ಮ್ಯಾಕ್ರೋ ಲೆನ್ಸನ್ನು (ತೀರಾ ಹತ್ತಿರದ ಫೋಟೊಗೆ ಇರುವುದು) ಲೆಕ್ಕಕ್ಕೇ ಹಿಡಿಯಬೇಡಿ. ನನ್ನ ಪರೀಕ್ಷೆ ಎರಡೇ. ಒಳಾಂಗಣದ ಬೆಳಕಿನಲ್ಲಿ ಆಡಿಸುತ್ತಿರುವ ಕೈಯ ಫೋಟೊ, ಮತ್ತು ಸಣ್ಣ ಅಕ್ಷರದ ಒಂದು ಬಿಲ್ಲಿನ ಫೋಟೊ. ಎರಡನ್ನೂ ಹಿಗ್ಗಿಸಿ ನೋಡುತ್ತೇನೆ.

ಹೋದ ವರ್ಷದ ಟಾಪ್ ಮಾಡೆಲ್ ಗೆಲ್ಲುವುದು ಇಲ್ಲಿ. ದೂರದ್ದನ್ನು ಹತ್ತಿರ ತರುವ ಟೆಲಿಫೋಟೊ ಲೆನ್ಸ್ ಮಧ್ಯಮ ದರ್ಜೆಯಲ್ಲಿ ಅಪರೂಪ. ಚಿಪ್ಪೂ ಸಾಮಾನ್ಯವಾಗಿ ಹೋದ ವರ್ಷದ ಟಾಪ್‌ನದೇ ವೇಗ. ನನ್ನ ತಂಗಿಯ ಮಗಳು ವೇದಿಕೆಯ ಮೇಲೆ ಕುಣಿಯುತ್ತಾಳೆ, ತಂಗಿ ಹಿಂದಿನ ಸಾಲಿನಿಂದ ಫೋಟೊ ತೆಗೆಯುತ್ತಾಳೆ. ಅವಳಿಗೆ ನಾನು ಹೇಳಿದ್ದು ಟಾಪ್ ಮಾಡೆಲ್ಲೇ, ಆದರೆ 24 ತಿಂಗಳ ಕಾಂಟ್ರಾಕ್ಟಿನಲ್ಲಿ. ನಾನು ಆರಿಸಿದ್ದು ಈ ವರ್ಷದ ಮಧ್ಯಮ ದರ್ಜೆಯದು. ಅದರ ಅಪ್‌ಡೇಟ್ ನನ್ನ ಕಾಂಟ್ರಾಕ್ಟ್ ಮುಗಿದು ಎಷ್ಟೋ ಕಾಲ ಆದ ಮೇಲೂ ಬರುತ್ತದೆ, ಕಡಿಮೆ ಬೆಳಕಿನಲ್ಲಿ ಕಣ್ಣು ನೋಯಲಿಲ್ಲ, ಬಿಲ್ಲಿನ ಅಕ್ಷರ ನೀಟಾಗಿ ಬಂತು. ದೂರದ ಫೋಟೊ ನನಗೆ ಬೇಕಾಗುವುದೇ ಇಲ್ಲ.

ಸ್ಟೋರೇಜ್ ವಿಷಯದಲ್ಲಿ ಮಾತ್ರ ಜಿಪುಣತನ ಬೇಡ. ಐಫೋನ್‌ಗಳಲ್ಲಿ ಮೆಮೊರಿ ಕಾರ್ಡ್ ಹಾಕುವ ಜಾಗ ಯಾವತ್ತೂ ಇರಲಿಲ್ಲ. ಸ್ಯಾಮ್‌ಸಂಗ್ ತನ್ನ ಎಸ್ ಸಾಲಿನಲ್ಲಿ 2021ರ ಎಸ್21ರಿಂದ ಅದನ್ನು ತೆಗೆಯಿತು. 128 ಜಿಬಿ ಮೊದಲ ವರ್ಷ ಧಾರಾಳ. ಫೋಟೊ, ವಿಡಿಯೊ ಇಟ್ಟುಕೊಳ್ಳುವವರಿಗೆ ಮೂರನೇ ವರ್ಷಕ್ಕೆ ಅದು ಸಾಲುವುದಿಲ್ಲ. ಎರಡು ಫೋನ್‌ಗಳಲ್ಲಿ ಒಂದು ಅದೇ ಬಿಲ್ಲಿಗೆ 256 ಕೊಡುತ್ತಿದ್ದರೆ ಅದಕ್ಕೆ ದೊಡ್ಡ ಅಂಕ ಕೊಡಿ. "ವರ್ಚುವಲ್ ರ್ಯಾಮ್" ಅನ್ನುವುದಕ್ಕೆ ಅಂಕ ಬೇಡ. ಅದು ಇದೇ ಸ್ಟೋರೇಜಿನಿಂದ ಕಡ ತೆಗೆದದ್ದು.

ಉಳಿದದ್ದು ಬೇಗ ಮುಗಿಯುತ್ತದೆ. ಐಪಿ67 ಅಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುವ ಪರೀಕ್ಷೆ, 68 ಅದಕ್ಕಿಂತ ಕಠಿಣ. ಆದರೂ ನೀರು ಹೋಗಿ ಕೆಟ್ಟರೆ ಬಹಳಷ್ಟು ವಾರಂಟಿಗಳು ಕೈಹಿಡಿಯುವುದಿಲ್ಲ. ಡಬ್ಬಿಯಲ್ಲಿ ಚಾರ್ಜರ್ ಇದೆಯಾ ನೋಡಿ. ನಿಮ್ಮ ನೆಟ್‌ವರ್ಕ್‌ನ 5ಜಿ ಬ್ಯಾಂಡ್‌ಗಳು (ಸಿಗ್ನಲ್ ಬರುವ ರೇಡಿಯೊ ತರಂಗದ ಪಟ್ಟಿಗಳು) ಆ ಫೋನಿನಲ್ಲಿ ಇವೆಯಾ ಅಂತ ಖಚಿತಪಡಿಸಿಕೊಳ್ಳಿ.

ಫೋನ್ ಬಂದ ಮೇಲೆ

ವಾಪಸ್ ಕೊಡುವ ಅವಧಿ ಎಷ್ಟು ದಿನ ಅಂತ ಮೊದಲೇ ಬರೆದುಕೊಂಡು, ಅಷ್ಟರೊಳಗೆ ಫೋನನ್ನು ಚೆನ್ನಾಗಿ ದುಡಿಸಿ. ಮನೆಯಲ್ಲಿ ಸಿಗ್ನಲ್ ತೀರಾ ಕಡಿಮೆ ಇರುವ ಮೂಲೆಯಿಂದ ಕರೆ ಮಾಡಿ. ಬಿಸಿಲಿನಲ್ಲಿ ಹಿಡಿದು ಓದಿ. ಒಂದು ಗಂಟೆ ವಿಡಿಯೊ ಕಾಲ್ ಮಾಡಿ, ಎಷ್ಟು ಬಿಸಿಯಾಗುತ್ತದೆ ನೋಡಿ.

ಹಳೆಯ ಫೋನ್ ಅಳಿಸಲು ಆತುರ ಬೇಡ. ಬ್ಯಾಂಕ್ ಆ್ಯಪ್, ಒಟಿಪಿ ತಯಾರಿಸುವ ಆ್ಯಪ್, ಚಾಟ್ ಬ್ಯಾಕಪ್ ಹೊಸದರಲ್ಲಿ ಕೆಲಸ ಮಾಡುವುದನ್ನು ಕಣ್ಣಾರೆ ನೋಡಿ. ಆಮೇಲೆ ಹಳೆಯದರಿಂದ ಗೂಗಲ್ ಅಥವಾ ಆ್ಯಪಲ್ ಅಕೌಂಟ್ ತೆಗೆದು, ನಂತರ ಫ್ಯಾಕ್ಟರಿ ರೀಸೆಟ್ ಮಾಡಿ. ಅಕೌಂಟ್ ತೆಗೆಯದೆ ಅಳಿಸಿದರೆ ಫೋನ್ ಲಾಕ್ ಆಗಿ ಉಳಿಯಬಹುದು, ಎಕ್ಸ್‌ಚೇಂಜ್‌ಗೆ ಕೊಟ್ಟರೆ ಆ ಕಾರಣಕ್ಕೇ ತಿರಸ್ಕರಿಸಬಹುದು. ಕಳಿಸುವ ಮೊದಲು ಸ್ಕ್ರೀನ್ ಹೊತ್ತಿಸಿ ಮುಂದೆ, ಹಿಂದೆ, ನಾಲ್ಕು ಅಂಚಿನ ಫೋಟೊ ತೆಗೆದಿಡಿ. *#06# ಒತ್ತಿದರೆ ಬರುವ ಐಎಂಇಐ ನಂಬರನ್ನೂ (ಪ್ರತಿ ಫೋನಿಗೂ ಇರುವ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಎಕ್ಸ್‌ಚೇಂಜ್ ಹಣ ಕಡಿಮೆ ಬಂದರೆ ಕೇಳಲು ನಿಮ್ಮ ಹತ್ತಿರ ಇರುವ ದಾಖಲೆ ಅದೇ.