ಸಂಘ ಒಂದು, ದೇಶ ಎರಡು: ಊರಿನವರನ್ನೂ ಅಮೆರಿಕದವರನ್ನೂ ಸಮವಾಗಿ ನಡೆಸಿಕೊಳ್ಳೋದು ಹೇಗೆ?

ನಮ್ಮ ಹೈಸ್ಕೂಲಿನ ಹಳೆ ವಿದ್ಯಾರ್ಥಿಗಳ ಸಂಘದಲ್ಲಿ ಅರ್ಧ ಜನ ಮಲೆನಾಡಿನ ಹಳ್ಳಿಗಳಲ್ಲಿದ್ದಾರೆ, ಇನ್ನರ್ಧ ಅಮೆರಿಕದಲ್ಲಿ. ಒಂದು ವರ್ಷ ಗ್ರೂಪಿನಲ್ಲಿ ಒಂದು ಮೆಸೇಜ್ ಬಂತು: "ಸದಸ್ಯತ್ವದ ಹಣ ಕಟ್ಟಲು ಕೊನೇ ದಿನ 3/4." ಬರೆದವರು ನ್ಯೂಜೆರ್ಸಿಯವರು. ಅವರ ಲೆಕ್ಕದಲ್ಲಿ ಅದು ಮಾರ್ಚ್ 4. ಊರಿನವರು ಏಪ್ರಿಲ್ 3 ಅಂತ ಓದಿಕೊಂಡು, ಯುಗಾದಿ ಗಡಿಬಿಡಿ ಮುಗಿಸಿ ಕಟ್ಟಿದರಾಯ್ತು ಅಂತ ಸುಮ್ನಿದ್ದರು. ಹನ್ನೊಂದು ಜನರ ಹೆಸರು ಮತದಾರರ ಪಟ್ಟಿಯಿಂದ ಬಿಟ್ಟುಹೋಯಿತು. ಯಾರೂ ಬೇಕೂಂತ ಮಾಡಿದ್ದಲ್ಲ. ಆದರೆ ಆಮೇಲೆ ಎರಡು ವರ್ಷ ಊರಲ್ಲಿ ಅದೇ ಮಾತು: "ಅದು ಡಾಲರ್‌ನವರ ಸಂಘ ಮಾರಾಯ."

ನೀವೂ ಇಂಥ ಸಂಘ ಕಟ್ಟುತ್ತಿದ್ದರೆ, ಇಂಥ ಚಿಕ್ಕ ವಿಷಯಗಳನ್ನು ಮೊದಲು ಸರಿ ಮಾಡಿಕೊಳ್ಳಿ. ತಿಂಗಳ ಹೆಸರನ್ನು ಅಕ್ಷರದಲ್ಲೇ ಬರೆಯಿರಿ. ಗಂಟೆಯನ್ನು ಎರಡೂ ಕಡೆಯ ಲೆಕ್ಕದಲ್ಲಿ, ವಾರದ ಹೆಸರಿನ ಜೊತೆ ಹಾಕಿ.

ಸಭೆಯ ಹೊತ್ತೇ ದೊಡ್ಡ ಜಗಳ. ಇಲ್ಲಿ ಭಾನುವಾರ ಬೆಳಿಗ್ಗೆ 7 ಅಂದರೆ ಬೇಸಿಗೆಯಲ್ಲಿ ನ್ಯೂಯಾರ್ಕಿಗೆ ಶನಿವಾರ ರಾತ್ರಿ 9:30, ಕ್ಯಾಲಿಫೋರ್ನಿಯಾಗೆ ಸಂಜೆ 6:30. ಅವರಿಗೆ ಆರಾಮ. ಆದರೆ ನಮ್ಮಲ್ಲಿ ಅದು ಹಾಲು ಕರೆದು ಡೈರಿಗೆ ಓಡುವ ಹೊತ್ತು. ಇಲ್ಲಿ ಭಾನುವಾರ ಸಂಜೆ 7:30ಕ್ಕೆ ಇಟ್ಟರೆ ನ್ಯೂಯಾರ್ಕಿನಲ್ಲಿ ಬೆಳಿಗ್ಗೆ 10, ಕ್ಯಾಲಿಫೋರ್ನಿಯಾದವರು ಮಾತ್ರ 7ಕ್ಕೇ ಏಳಬೇಕು. ಎಲ್ಲರಿಗೂ ಒಗ್ಗುವ ಹೊತ್ತು ಹುಡುಕುತ್ತಾ ಕೂರಬೇಡಿ, ಅದು ಇಲ್ಲ. ಒಂದು ಸಲ ಬೆಳಿಗ್ಗೆ, ಮುಂದಿನ ಸಲ ಸಂಜೆ ಅಂತ ಬೈಲಾದಲ್ಲೇ ಬರೆದುಬಿಡಿ. ಇನ್ನೊಂದು ನೆನಪಿರಲಿ. ಅಮೆರಿಕದವರು ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಮಾಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದೆ ಮಾಡುತ್ತಾರೆ. ಆ ಎರಡು ವಾರ ಸಭೆ ಇಡದಿದ್ದರೆ ಅರ್ಧ ಗೊಂದಲ ತಪ್ಪುತ್ತದೆ.

ಮಳೆಗಾಲದಲ್ಲಿ ಹೊತ್ತು ಸರಿಯಿದ್ದರೂ ಸಾಲದು. ಕರೆಂಟ್ ಹೋಗುತ್ತದೆ, ಸ್ವಲ್ಪ ಹೊತ್ತಿಗೆ ಟವರ್ ಬ್ಯಾಟರಿಯೂ ಹೋಗುತ್ತದೆ. ಒಬ್ಬರು ಬಾಯಿ ತೆರೆದ ಹಾಗೇ ಪರದೆ ಮೇಲೆ ನಿಂತುಬಿಡುತ್ತಾರೆ, ಅಷ್ಟರಲ್ಲಿ ಠರಾವು ಪಾಸ್! ಹಾಗಾಗಿ ಸಭೆಯಲ್ಲಿ ಚರ್ಚೆ ಮಾತ್ರ ಇರಲಿ, ಮತ ಹಾಕಲು ಆಮೇಲೆ ಮೂರು ದಿನ ಬಿಡಿ. ಠರಾವು ಏನು, ಪರ ಏನು, ವಿರೋಧ ಏನು ಅಂತ ಕಾರ್ಯದರ್ಶಿ ಕನ್ನಡದಲ್ಲಿ ಎರಡು ನಿಮಿಷದ ವಾಯ್ಸ್ ಮೆಸೇಜ್ ಹಾಕಲಿ. ಕನ್ನಡದಲ್ಲಿ ಅಂತ ಯಾಕೆ ಒತ್ತಿ ಹೇಳ್ತಿದ್ದೀನಿ ಅಂದ್ರೆ, ಹತ್ತು ನಿಮಿಷ ಆಗುವಷ್ಟರಲ್ಲಿ ಸಭೆ ತನಗೆ ತಾನೇ ಇಂಗ್ಲಿಷಿಗೆ ಜಾರುತ್ತದೆ, ಊರಿನವರು ಒಬ್ಬೊಬ್ಬರಾಗಿ ಮೈಕ್ ಆಫ್ ಮಾಡುತ್ತಾರೆ. ಬೈಲಾ, ನಡಾವಳಿ ಎರಡೂ ಕನ್ನಡದಲ್ಲಿರಲಿ.

ಈಗ ದುಡ್ಡು. 25 ಡಾಲರ್ ಚಂದಾ ಅಂತ ಅಲ್ಲಿನವರು ಸಲೀಸಾಗಿ ಹೇಳುತ್ತಾರೆ. ಇಲ್ಲಿ ಅದು ಎರಡು ಸಾವಿರ ರೂಪಾಯಿ ದಾಟುತ್ತದೆ. ನಾವು ಇಲ್ಲಿ 200 ರೂಪಾಯಿ, ಅಲ್ಲಿ 25 ಡಾಲರ್ ಅಂತ ಇಟ್ಟಿದ್ದೇವೆ. ರಸೀದಿ ಒಂದೇ ಥರ, ಮತವೂ ಒಂದೇ. ಲಕ್ಷ ಕೊಟ್ಟವರ ಹೆಸರು ಬೋರ್ಡಿನಲ್ಲಿ ಬರೆಯಿರಿ, ಸನ್ಮಾನ ಬೇಕಾದರೂ ಮಾಡಿ. ಮತ ಮಾತ್ರ ಜಾಸ್ತಿ ಬೇಡ.

ಅಲ್ಲಿಂದ ಇಲ್ಲಿಗೆ ಹಣ ತರುವಾಗ ಕಾನೂನು ಗೊತ್ತಿಲ್ಲದಿದ್ದರೆ ಸಿಕ್ಕಿಹಾಕಿಕೊಳ್ಳುತ್ತೀರಿ. 2010ರ ವಿದೇಶಿ ದೇಣಿಗೆ ಕಾಯ್ದೆ, ಎಲ್ಲರ ಬಾಯಲ್ಲಿ ಎಫ್‌ಸಿಆರ್‌ಎ, ದುಡ್ಡು ಎಲ್ಲಿಂದ ಬಂತು ಅನ್ನೋದರ ಜೊತೆಗೆ ಕೊಟ್ಟವರ ಪಾಸ್‌ಪೋರ್ಟ್ ಯಾವುದು ಅಂತಲೂ ಕೇಳುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರು ಅಲ್ಲಿ ದುಡಿದ ಸ್ವಂತ ಉಳಿತಾಯವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಮೆರಿಕದ ಪೌರತ್ವ ತಗೊಂಡವರು ಕಳಿಸಿದರೆ, ಓಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್) ಇದ್ದರೂ, ಅದು ವಿದೇಶಿ ದೇಣಿಗೆಯೇ. ಅಣ್ಣನ ಹತ್ತಿರ ಗ್ರೀನ್ ಕಾರ್ಡ್ (ಅಲ್ಲಿ ಕಾಯಂ ಇರಲು ಪರವಾನಗಿ, ಪಾಸ್‌ಪೋರ್ಟ್ ಭಾರತದ್ದೇ), ತಮ್ಮ ಅಲ್ಲಿನ ಸಿಟಿಜನ್ ಅಂದರೆ, ಒಂದೇ ಮನೆಯಿಂದ ಕಳಿಸಿದರೂ ಲೆಕ್ಕ ಬೇರೆ ಬೇರೆ. ಕೊಟ್ಟವರಿಂದ ಪಾಸ್‌ಪೋರ್ಟಿನ ವಿವರ ತಗೊಂಡು ಫೈಲಿನಲ್ಲಿ ಇಟ್ಟುಕೊಳ್ಳಿ.

ವಿದೇಶಿ ದೇಣಿಗೆ ತಗೊಳ್ಳಲು ಬೇಕಾದ ಎಫ್‌ಸಿಆರ್‌ಎ ನೋಂದಣಿ ಚಿಕ್ಕ ಸಂಘಕ್ಕೆ ಸುಲಭ ಅಲ್ಲ. ಸಂಘಕ್ಕೆ ಮೂರು ವರ್ಷ ಆಗಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ಕೆಲಸಕ್ಕೆ ಖರ್ಚಾಗಿರಬೇಕು. ಹಣ ಬಂದು ಬೀಳುವ ಖಾತೆ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯಲ್ಲೇ ಇರಬೇಕು. "ಪಕ್ಕದ ಸಂಘಕ್ಕೆ ನೋಂದಣಿ ಇದೆ, ಅವರ ಖಾತೆಗೆ ಹಾಕಿಸಿ ಆಮೇಲೆ ಈಸ್ಕೊಳ್ಳೋಣ" ಅನ್ನುವ ಉಪಾಯ 2020ರ ತಿದ್ದುಪಡಿಯ ನಂತರ ನಡೆಯಲ್ಲ. ನಮಗೆ ಹೊಂದಿದ್ದು ಇದು: ಅಮೆರಿಕದಲ್ಲಿ ಬೇರೆ ನೋಂದಣಿ, ಅಲ್ಲಿನ ಚಂದಾ ಅಲ್ಲೇ ಜಮಾ, ವೆಬ್‌ಸೈಟು, ವಿಡಿಯೊ ಸಭೆಯ ಬಾಡಿಗೆ ಥರದ್ದಕ್ಕೆ ಅಲ್ಲೇ ಖರ್ಚು. ಸಿಟಿಜನ್ ಆದವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಿ, ಇಲ್ಲದಿದ್ದರೆ "ನನ್ನ ದುಡ್ಡು ಬೇಡವಾ?" ಅಂತ ಮುನಿಸಿಕೊಳ್ಳುತ್ತಾರೆ. ಏನೇ ಮಾಡುವ ಮೊದಲು ಒಬ್ಬ ಸಿಎ ಹತ್ತಿರ ಕೂತು ಮಾತಾಡಿ.

ಓಟಿಪಿ ಕಥೆ ಬಿಟ್ಟಿದ್ದೆ. ನಮ್ಮ ಖಜಾಂಚಿ ಮಗಳ ಮನೆಗೆ ಅಂತ ಡಲ್ಲಾಸಿಗೆ ಹೋದರು. ಫೋನಿಗೆ ರೀಚಾರ್ಜ್ ಮಾಡಿಸಲಿಲ್ಲ, ನಂಬರ್ ಬಂದ್ ಆಯ್ತು, ಸಂಘದ ಖಾತೆಯಿಂದ ಹಣ ಕಳಿಸಲು ಬೇಕಾದ ಬ್ಯಾಂಕಿನ ಓಟಿಪಿ ಬರಲೇ ಇಲ್ಲ. ಊರಲ್ಲಿ ಮೂರು ತಿಂಗಳು ಸ್ಕೂಲ್ ಬ್ಯಾಗಿನ ಅಂಗಡಿಯವನಿಗೆ ದುಡ್ಡು ಕೊಡಲಾಗದೆ ಅವನ ಕಣ್ಣು ತಪ್ಪಿಸಿ ಓಡಾಡಿದೆವು. ಬ್ಯಾಂಕಿಗೆ ಕೊಟ್ಟ ನಂಬರ್ ಊರಲ್ಲಿ ಇರುವವರದ್ದೇ ಆಗಿರಲಿ. ಅಲ್ಲಿನವರಿಗೂ ಲೆಕ್ಕ ಕಾಣುವ ಹಾಗೆ ಎರಡೂ ದೇಶದ ಖಾತೆಗಳ ಸ್ಟೇಟ್‌ಮೆಂಟ್ ಪ್ರತಿ ತಿಂಗಳು ಗ್ರೂಪಿಗೆ ಬೀಳಲಿ.

ಕೊನೆಗೆ, ವರ್ಷಕ್ಕೊಮ್ಮೆ ಸೇರುವ ಜಾಗ. ಅಮೆರಿಕದಲ್ಲಿ ಇಟ್ಟರೆ ಊರಿನವರಿಗೆ ವೀಸಾ ಬೇಕು, ಅರ್ಜಿಗೇ 185 ಡಾಲರ್, ಸಿಗದಿದ್ದರೆ ಆ ದುಡ್ಡು ವಾಪಸ್ ಬರಲ್ಲ. ಓಸಿಐ ಇರುವವರು ಇಲ್ಲಿಗೆ ವೀಸಾ ಇಲ್ಲದೆ ಬರಬಹುದು, ಹಾಗಾಗಿ ಊರಲ್ಲೇ ಇಡೋದು ನ್ಯಾಯ ಅಂತ ನನ್ನ ಅಭಿಪ್ರಾಯ. ಆದರೂ ಎಚ್-1ಬಿ, ಅಂದರೆ ಕೆಲಸದ ವೀಸಾ ಮೇಲೆ ಇರುವ ಹುಡುಗರು ವಾಪಸ್ ಹೋಗಲು ಪಾಸ್‌ಪೋರ್ಟಿಗೆ ಹೊಸ ವೀಸಾ ಸ್ಟಾಂಪಿಂಗ್ ಸಿಗುತ್ತೋ ಇಲ್ಲವೋ ಅಂತ ಹೆದರಿ ಬರುವುದಿಲ್ಲ, ಅದನ್ನು ಉದಾಸೀನ ಅಂದುಕೊಳ್ಳಬೇಡಿ. ಹೇಗೂ ಎಲ್ಲರೂ ಸೇರಲ್ಲ. ಹಾಗಾಗಿ ಹೋಳಿಗೆ ಊಟ ಮುಗಿಸಿದ ಖುಷಿಯಲ್ಲಿ, ಎದುರಿಗೆ ಕೂತವರ ಕೈ ಎತ್ತಿಸಿ ಪದಾಧಿಕಾರಿಗಳ ಆಯ್ಕೆ ಮುಗಿಸಿಬಿಡಬೇಡಿ.